ಸಂಬಳವಿಲ್ಲದ ಕುರ್ಚಿಗೆ ಇಷ್ಟೊಂದು ಗುದ್ದಾಟ ಯಾಕೆ?

ಪ್ರಶ್ನೆ: ಸರ್, ನಮ್ಮ ತಂದೆ ಬೆಂಗಳೂರಿನ ವಿಜಯನಗರ ಕಡೆ ಒಂದು ರಾಷ್ಟ್ರೀಯ ಪಕ್ಷಕ್ಕೆ ಇಪ್ಪತ್ತೆರಡು ವರ್ಷದಿಂದ ದುಡಿಯುತ್ತಿದ್ದಾರೆ. ಮೊದಲು ಬೂತ್ ಏಜೆಂಟ್, ಆಮೇಲೆ ಬ್ಲಾಕ್ ಉಪಾಧ್ಯಕ್ಷ. ಈಗ ರಾಜ್ಯ ಮಟ್ಟದ ಯಾವುದೋ ವಿಭಾಗದ ಕಾರ್ಯದರ್ಶಿ ಅಂತ ಲೆಟರ್‌ಹೆಡ್ ಬಂದಿದೆ. ಮನೆಯಲ್ಲಿ ಊಟಕ್ಕೆ ಕೂತರೂ ರಾಜ್ಯಾಧ್ಯಕ್ಷರದ್ದೇ ಮಾತು. ಆ ಹುದ್ದೆಗೆ ಸಂಬಳವಿಲ್ಲ, ಸರ್ಕಾರಿ ಕಾರಿಲ್ಲ. ಆದರೂ ಮಂತ್ರಿಯಾದವರು ಕೂಡ ಅದನ್ನು ಬಿಡಲು ಒಪ್ಪುವುದಿಲ್ಲ. ಯಾಕೆ? ಅವರನ್ನು ನಿಜವಾಗಿ ಆರಿಸುವುದು ಯಾರು? ಅಪ್ಪ ಪಾಲಿಕೆಯ ವಾರ್ಡ್ ಟಿಕೆಟ್ ಕೇಳಬೇಕು ಅಂತಿದ್ದಾರೆ. ಅದು ಯಾರ ಕೈಯಲ್ಲಿದೆ?

ಉತ್ತರ: ನಿಮ್ಮ ಮೊದಲ ಪ್ರಶ್ನೆಗೆ ಅರ್ಧ ಉತ್ತರ ಒಂದೇ ಒಂದು ಹಾಳೆಯಲ್ಲಿದೆ. ಅದರ ಹೆಸರು ಬಿ ಫಾರಂ. ನಿಮ್ಮ ತಂದೆಯವರಿಗೆ ಅದನ್ನು ವಿವರಿಸುವ ಅಗತ್ಯವಿಲ್ಲ, ಕನಸಿನಲ್ಲಿ ನೂರು ಸಲ ನೋಡಿರುತ್ತಾರೆ. ನಿಮಗೆ ಹೇಳುತ್ತೇನೆ.

1968ರ ಚುನಾವಣಾ ಚಿಹ್ನೆಗಳ ಆದೇಶದ ಪ್ರಕಾರ, ಅಭ್ಯರ್ಥಿಗೆ ಪಕ್ಷದ ಚಿಹ್ನೆ ಸಿಗಬೇಕಾದರೆ ಎರಡು ಕಾಗದ ಬೇಕು. ಎ ಫಾರಂನಲ್ಲಿ ಪಕ್ಷವು, ‘ನಮ್ಮ ಅಭ್ಯರ್ಥಿ ಯಾರು ಅಂತ ಹೇಳುವ ಅಧಿಕಾರ ಇಂಥವರಿಗೆ ಕೊಟ್ಟಿದ್ದೇವೆ’ ಎಂದು ತಿಳಿಸುತ್ತದೆ. ಬಿ ಫಾರಂನಲ್ಲಿ ಆ ‘ಇಂಥವರು’, ‘ಈ ಕ್ಷೇತ್ರಕ್ಕೆ ಇವರೇ ನಮ್ಮವರು’ ಎಂದು ಸಹಿ ಹಾಕುತ್ತಾರೆ. ವಿಧಾನಸಭೆ ಚುನಾವಣೆಯಲ್ಲಿ ಆ ಸಹಿ ಸಾಮಾನ್ಯವಾಗಿ ರಾಜ್ಯಾಧ್ಯಕ್ಷರದ್ದು. ನಾಮಪತ್ರ ಸಲ್ಲಿಸುವ ಕೊನೆಯ ದಿನ ಮಧ್ಯಾಹ್ನ 3 ಗಂಟೆಯೊಳಗೆ ಅದು ಚುನಾವಣಾಧಿಕಾರಿಯ ಕೈ ಸೇರಬೇಕು. ರಬ್ಬರ್ ಸ್ಟಾಂಪ್ ಒತ್ತಿದ ಸಹಿ ಆಗುವುದಿಲ್ಲ. ಫ್ಯಾಕ್ಸ್ ಕಳಿಸಿದರೂ ಆಗುವುದಿಲ್ಲ. ಪೆನ್ನು ಹಿಡಿದು ಹಾಕಿದ ಸಹಿಯೇ ಬೇಕು.

ಕರ್ನಾಟಕದಲ್ಲಿ 224 ಕ್ಷೇತ್ರಗಳಿವೆ. ಚುನಾವಣೆ ಬಂತೆಂದರೆ ಆ 224 ಹಾಳೆಗಾಗಿ ಸಾವಿರಾರು ಜನ ಕಾಯುತ್ತಾರೆ. ಕ್ವೀನ್ಸ್ ರಸ್ತೆಯ ಕೆಪಿಸಿಸಿ, ಅಂದರೆ ರಾಜ್ಯ ಕಾಂಗ್ರೆಸ್ ಸಮಿತಿಯ ಕಚೇರಿಯಲ್ಲೂ ಅದೇ, ಮಲ್ಲೇಶ್ವರದ ಬಿಜೆಪಿ ಕಚೇರಿ ಜಗನ್ನಾಥ ಭವನದಲ್ಲೂ ಅದೇ. ಬಿಳಿ ಅಂಗಿ, ಕೈಯಲ್ಲಿ ಫೈಲು, ಹಿಂದೆ ಹತ್ತು ಜನ, ಹೊರಗೆ ನಾಲ್ಕು ಇನ್ನೋವಾ. 2023ರ ಚುನಾವಣೆಗೆ ಮುನ್ನ ಕಾಂಗ್ರೆಸ್ ಟಿಕೆಟ್ ಕೇಳುವವರಿಂದ ಅರ್ಜಿಗೆ 5 ಸಾವಿರ ರೂಪಾಯಿ ತೆಗೆದುಕೊಂಡಿತು. ಜೊತೆಗೆ 2 ಲಕ್ಷದ ಡಿಡಿ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ 1 ಲಕ್ಷ. ದುಡ್ಡು ಕಟ್ಟಿ ಅರ್ಜಿ ಹಾಕಿದವರು ಸಾವಿರಕ್ಕೂ ಜಾಸ್ತಿ. ಟಿಕೆಟ್ ಸಿಗುವ ಮೊದಲೇ ಇಷ್ಟು ಖರ್ಚು!

ಇಲ್ಲೊಂದು ತಪ್ಪು ತಿಳಿವಳಿಕೆ ಇದೆ. ಸಹಿ ಹಾಕುವವರೇ ಆರಿಸುವವರು ಅಂತ ಜನ ಅಂದುಕೊಳ್ಳುತ್ತಾರೆ. ಹಾಗಲ್ಲ. ಕಾಂಗ್ರೆಸ್‌ನಲ್ಲಿ ಹೆಸರುಗಳು ರಾಜ್ಯದಿಂದ ಸ್ಕ್ರೀನಿಂಗ್ ಕಮಿಟಿಗೆ, ಅಲ್ಲಿಂದ ದೆಹಲಿಯ ಕೇಂದ್ರ ಚುನಾವಣಾ ಸಮಿತಿಗೆ ಹೋಗುತ್ತವೆ. ಬಿಜೆಪಿಯಲ್ಲೂ ಕೊನೆಯ ಮಾತು ಕೇಂದ್ರ ಚುನಾವಣಾ ಸಮಿತಿಯದ್ದೇ. ಆದರೆ ದೆಹಲಿಯಲ್ಲಿ ಕೂತವರಿಗೆ ಸಿಂಧನೂರಿನಲ್ಲಿ ಯಾರು, ಪುತ್ತೂರಿನಲ್ಲಿ ಯಾರು ಅಂತ ಗೊತ್ತಿರುತ್ತದೆಯೇ? ಮೊದಲ ಪಟ್ಟಿ ಇಲ್ಲಿಂದಲೇ ಹೋಗಬೇಕು. ಕ್ಷೇತ್ರಕ್ಕೆ ಮೂರು ಹೆಸರು ಕಳಿಸುವುದೋ, ಒಂದೇ ಹೆಸರು ಕಳಿಸಿ ಬಾಗಿಲು ಹಾಕುವುದೋ ಎನ್ನುವುದರಲ್ಲಿ ರಾಜ್ಯಾಧ್ಯಕ್ಷರ ಆಟ ಇರುತ್ತದೆ. ನನ್ನ ಅನುಭವದಲ್ಲಿ ಅವರ ಶಕ್ತಿ ಹೆಸರು ಸೇರಿಸುವುದಕ್ಕಿಂತ ಹೆಸರು ಬಿಡುವುದರಲ್ಲಿ ಜಾಸ್ತಿ. ಪಟ್ಟಿಯಲ್ಲೇ ಇಲ್ಲದವನಿಗೆ ದೆಹಲಿ ಟಿಕೆಟ್ ಕೊಡುವುದು ಅಪರೂಪ.

ಇನ್ನರ್ಧ ಉತ್ತರ ಮುಖ್ಯಮಂತ್ರಿ ಕುರ್ಚಿಯಲ್ಲಿದೆ. 1989ರಲ್ಲಿ ವೀರೇಂದ್ರ ಪಾಟೀಲರು ಕೆಪಿಸಿಸಿ ಅಧ್ಯಕ್ಷರಾಗಿ ಚುನಾವಣೆ ನಡೆಸಿದರು. ಕಾಂಗ್ರೆಸ್ 178 ಸ್ಥಾನ ಗೆದ್ದಿತು, ಅವರು ಮುಖ್ಯಮಂತ್ರಿಯಾದರು. ಹತ್ತು ವರ್ಷದ ಮೇಲೆ ಎಸ್.ಎಂ. ಕೃಷ್ಣ ಅಧ್ಯಕ್ಷರಾಗಿ ಪಾಂಚಜನ್ಯ ಯಾತ್ರೆ ಹೊರಟರು. 1999ರಲ್ಲಿ ಪಕ್ಷ ಗೆದ್ದಿತು, ಅವರೂ ಮುಖ್ಯಮಂತ್ರಿಯಾದರು. ಅಲ್ಲಿಂದ ಒಂದು ಲೆಕ್ಕ ಹುಟ್ಟಿಕೊಂಡಿತು: ಗೆಲ್ಲಿಸಿದ ಅಧ್ಯಕ್ಷನಿಗೆ ವಿಧಾನಸೌಧದ ಮೂರನೇ ಮಹಡಿ.

ಈ ಲೆಕ್ಕ ಎಲ್ಲೂ ಬರೆದಿಲ್ಲ. ಹಾಗಾಗಿ ಕೈಕೊಟ್ಟಿದ್ದೂ ಇದೆ. 2013ರಲ್ಲಿ ಜಿ. ಪರಮೇಶ್ವರ ಅಧ್ಯಕ್ಷರಾಗಿದ್ದರು. ಪಕ್ಷ 122 ಸ್ಥಾನ ಗೆದ್ದಿತು. ಆದರೆ ಅಧ್ಯಕ್ಷರೇ ಕೊರಟಗೆರೆಯಲ್ಲಿ ಸೋತರು. ಎ.ಕೆ. ಆ್ಯಂಟನಿ ವೀಕ್ಷಕರಾಗಿ ಬಂದರು, ಶಾಸಕರು ಗುಪ್ತ ಮತದಾನ ಮಾಡಿದರು, ಸಿದ್ದರಾಮಯ್ಯ ಮುಖ್ಯಮಂತ್ರಿಯಾದರು. 224 ಜನರಿಗೆ ಬಿ ಫಾರಂ ಹಂಚಿದವರು ತಮ್ಮದೇ ಒಂದು ಕ್ಷೇತ್ರ ಕಳೆದುಕೊಂಡಿದ್ದರು. 2023ರಲ್ಲಿ ಡಿ.ಕೆ. ಶಿವಕುಮಾರ್ ಅಧ್ಯಕ್ಷರಾಗಿದ್ದಾಗ ಕಾಂಗ್ರೆಸ್ 135 ಸ್ಥಾನ ಗೆದ್ದಿತು. ಮುಖ್ಯಮಂತ್ರಿಯಾದವರು ಮತ್ತೆ ಸಿದ್ದರಾಮಯ್ಯ. ಶಿವಕುಮಾರ್ ಉಪಮುಖ್ಯಮಂತ್ರಿಯಾದರು, ಅಧ್ಯಕ್ಷ ಸ್ಥಾನವನ್ನೂ ಉಳಿಸಿಕೊಂಡರು. ಯಾಕೆ ಉಳಿಸಿಕೊಂಡರು ಎಂಬ ನಿಮ್ಮ ಪ್ರಶ್ನೆಗೆ ಈ ಸರಣಿಯೇ ಉತ್ತರ. ಮಂತ್ರಿ ಸ್ಥಾನ ಮುಖ್ಯಮಂತ್ರಿ ಕೊಟ್ಟಿದ್ದು. ಅಧ್ಯಕ್ಷ ಸ್ಥಾನ ಮುಖ್ಯಮಂತ್ರಿ ಕೊಟ್ಟಿದ್ದಲ್ಲ. ಅದನ್ನು ಬಿಟ್ಟರೆ ಮುಖ್ಯಮಂತ್ರಿಯ ಕೈಕೆಳಗಿನ ಮಂತ್ರಿ ಮಾತ್ರ ಉಳಿಯುತ್ತಾರೆ. ಅದನ್ನು ಹಿಡಿದುಕೊಂಡರೆ ಎದುರು ಕುರ್ಚಿಯಲ್ಲಿ ಕೂತು ಮಾತಾಡಬಹುದು.

‘ಒಬ್ಬರಿಗೆ ಒಂದೇ ಹುದ್ದೆ’ ಎಂಬ ನಿಯಮ ಏನಾಯಿತು ಅಂತ ಕೇಳುತ್ತೀರಿ. 2022ರ ಮೇನಲ್ಲಿ ಉದಯಪುರದ ಚಿಂತನ ಶಿಬಿರದಲ್ಲಿ ಕಾಂಗ್ರೆಸ್ ಅದನ್ನು ಮತ್ತೆ ಒಪ್ಪಿಕೊಂಡಿತ್ತು. ಒಂದೇ ವರ್ಷದಲ್ಲಿ ಕರ್ನಾಟಕದಲ್ಲಿ ಅದಕ್ಕೆ ವಿನಾಯಿತಿ ಸಿಕ್ಕಿತು. ಬಿಜೆಪಿ ಈ ವಿಷಯದಲ್ಲಿ ಸ್ವಲ್ಪ ಕಟ್ಟುನಿಟ್ಟು. 2019ರ ಜುಲೈನಲ್ಲಿ ಯಡಿಯೂರಪ್ಪ ಮುಖ್ಯಮಂತ್ರಿಯಾದರು. ಮುಂದಿನ ತಿಂಗಳೇ ನಳಿನ್ ಕುಮಾರ್ ಕಟೀಲ್ ರಾಜ್ಯಾಧ್ಯಕ್ಷರಾದರು.

ಈ ನಿಯಮದ ಹಿಂದೆ ಬೆಂಗಳೂರಿನದ್ದೇ ಒಂದು ದೊಡ್ಡ ಕಥೆ ಇದೆ. ಅದಕ್ಕೆ ಬರುತ್ತೇನೆ. ಮೊದಲು ಅಧ್ಯಕ್ಷರನ್ನು ಆರಿಸುವುದು ಯಾರು ಅಂತ ಮುಗಿಸೋಣ.

ಪುಸ್ತಕದಲ್ಲಿರುವ ದಾರಿ ಚೆನ್ನಾಗಿದೆ. ಕಾಂಗ್ರೆಸ್ ಸಂವಿಧಾನದಲ್ಲಿ ಬೂತ್, ಬ್ಲಾಕ್, ಜಿಲ್ಲೆ, ಪ್ರದೇಶ (ಅಂದರೆ ರಾಜ್ಯ), ಎಐಸಿಸಿ (ಅಖಿಲ ಭಾರತ ಸಮಿತಿ) ಅಂತ ಮೆಟ್ಟಿಲುಗಳಿವೆ. ಬ್ಲಾಕ್‌ನಿಂದ ಬಂದ ಪ್ರತಿನಿಧಿಗಳು ಸೇರಿ ಪ್ರದೇಶ ಅಧ್ಯಕ್ಷರನ್ನು ಆರಿಸಬೇಕು. ನಡೆಯುವುದೇ ಬೇರೆ. ಪ್ರತಿನಿಧಿಗಳ ಸಭೆ ಸೇರುತ್ತದೆ, ಒಂದು ಸಾಲಿನ ನಿರ್ಣಯ ಆಗುತ್ತದೆ: ಅಧ್ಯಕ್ಷರನ್ನು ನೇಮಿಸುವ ಅಧಿಕಾರವನ್ನು ಎಐಸಿಸಿ ಅಧ್ಯಕ್ಷರಿಗೆ ಬಿಟ್ಟಿದ್ದೇವೆ. ಚಪ್ಪಾಳೆ. ಕಾಫಿ, ಉಪ್ಪಿಟ್ಟು. ಮನೆಗೆ. ಕೆಲವು ದಿನಗಳ ಮೇಲೆ ದೆಹಲಿಯಿಂದ ಒಂದು ಪುಟದ ಪ್ರಕಟಣೆ ಬರುತ್ತದೆ.

ಆ ಪ್ರತಿನಿಧಿಗಳು ನಿಜವಾಗಿ ಮತ ಹಾಕಿದ ಅಪರೂಪದ ದಿನ 2022ರ ಅಕ್ಟೋಬರ್ 17. ಎಐಸಿಸಿ ಅಧ್ಯಕ್ಷರ ಚುನಾವಣೆ. ಮಲ್ಲಿಕಾರ್ಜುನ ಖರ್ಗೆ ಬೆಂಗಳೂರಿನ ಕೆಪಿಸಿಸಿ ಕಚೇರಿಯಲ್ಲೇ ಮತ ಹಾಕಿದರು. ಅವರಿಗೆ 7,897 ಮತ, ಎದುರಾಳಿ ಶಶಿ ತರೂರ್‌ಗೆ 1,072. ಖರ್ಗೆ ಹಿಂದೆ ಕೆಪಿಸಿಸಿ ಅಧ್ಯಕ್ಷರೂ ಆಗಿದ್ದವರು. ಮುಖ್ಯಮಂತ್ರಿ ಕುರ್ಚಿ ಮಾತ್ರ ಅವರಿಗೆ ಕೊನೆಗೂ ಸಿಗಲಿಲ್ಲ. ಇಲ್ಲಿ ಸಿಗದವರು ಅಲ್ಲಿ, ಇಡೀ ದೇಶದ ರಾಜ್ಯಾಧ್ಯಕ್ಷರನ್ನು ನೇಮಿಸುವ ಜಾಗದಲ್ಲಿ ಹೋಗಿ ಕೂತರು.

ಬಿಜೆಪಿಯಲ್ಲೂ ಬರೆದಿರುವುದು ಚುನಾವಣೆಯೇ. ಬೂತ್, ಮಂಡಲ, ಜಿಲ್ಲೆ, ರಾಜ್ಯ. ಅಧ್ಯಕ್ಷರ ಅವಧಿ ಮೂರು ವರ್ಷ. ಒಬ್ಬರು ಸತತವಾಗಿ ಎರಡು ಅವಧಿಗಿಂತ ಜಾಸ್ತಿ ಇರುವಂತಿಲ್ಲ. ಕನಿಷ್ಠ ಅರ್ಧದಷ್ಟು ರಾಜ್ಯಗಳಲ್ಲಿ ಚುನಾವಣೆ ಮುಗಿಯದೆ ರಾಷ್ಟ್ರೀಯ ಅಧ್ಯಕ್ಷರ ಚುನಾವಣೆ ನಡೆಸುವಂತಿಲ್ಲ. ಆದರೆ ಅಲ್ಲಿಯೂ ‘ಒಮ್ಮತ’ ಎಂಬ ಪದ ಕೇಳಿದರೆ, ಹೆಸರು ಆಗಲೇ ತೀರ್ಮಾನವಾಗಿದೆ ಎಂದೇ ಅರ್ಥ. 2023ರ ಮೇ 13ರಂದು ಬಿಜೆಪಿ 66 ಸ್ಥಾನಕ್ಕೆ ಇಳಿಯಿತು. ಬಿ.ವೈ. ವಿಜಯೇಂದ್ರ ಅಧ್ಯಕ್ಷರಾಗಿದ್ದು ನವೆಂಬರ್ 10ರಂದು. ವಿರೋಧ ಪಕ್ಷದ ನಾಯಕರಾಗಿ ಆರ್. ಅಶೋಕ ಆಯ್ಕೆಯಾಗಿದ್ದು ಅದಾದ ಒಂದು ವಾರಕ್ಕೆ. ಆರು ತಿಂಗಳು ಬೆಂಗಳೂರಿನಲ್ಲಿ ಶಾಸಕರಿದ್ದರು, ಪದಾಧಿಕಾರಿಗಳಿದ್ದರು, ತೀರ್ಮಾನ ಮಾತ್ರ ದೆಹಲಿಯಲ್ಲಿತ್ತು.

ಇನ್ನೊಂದು ವ್ಯತ್ಯಾಸ ನಿಮಗೆ ಗೊತ್ತಿರಲಿ. ಬಿಜೆಪಿಯ ರಾಜ್ಯ ಕಚೇರಿಯಲ್ಲಿ ಅಧ್ಯಕ್ಷರ ಪಕ್ಕದಲ್ಲಿ ಸಂಘಟನಾ ಪ್ರಧಾನ ಕಾರ್ಯದರ್ಶಿ ಅಂತ ಒಬ್ಬರಿರುತ್ತಾರೆ. ಸಾಮಾನ್ಯವಾಗಿ ಆರೆಸ್ಸೆಸ್‌ನಿಂದ ಬಂದವರು. ಫ್ಲೆಕ್ಸ್‌ನಲ್ಲಿ ಅವರ ಫೋಟೊ ಕಾಣುವುದು ಕಡಿಮೆ. ಆದರೆ ಜಿಲ್ಲಾಧ್ಯಕ್ಷರ ಹೆಸರು ಅವರ ಕಣ್ಣು ತಪ್ಪಿಸಿ ಹೋಗುವುದಿಲ್ಲ. ಕರ್ನಾಟಕದಲ್ಲಿ ವರ್ಷಗಟ್ಟಲೆ ಆ ಕೆಲಸ ಮಾಡಿದ ಬಿ.ಎಲ್. ಸಂತೋಷ್ 2019ರಲ್ಲಿ ರಾಷ್ಟ್ರ ಮಟ್ಟದಲ್ಲಿ ಅದೇ ಹುದ್ದೆಗೆ ಹೋದರು. ಕಾಂಗ್ರೆಸ್‌ನಲ್ಲಿ ಇಂಥ ಖಾಯಂ ವ್ಯವಸ್ಥೆ ಇಲ್ಲ. ಅಲ್ಲಿರುವುದು ದೆಹಲಿಯಿಂದ ಬರುವ ಉಸ್ತುವಾರಿ. ಅವರು ವಿಮಾನದಲ್ಲಿ ಬಂದು, ಹೋಟೆಲಿನಲ್ಲಿ ಒಬ್ಬೊಬ್ಬರನ್ನೇ ಕರೆದು ಮಾತಾಡಿ, ರಾತ್ರಿ ವಾಪಸ್ ಹೋಗುತ್ತಾರೆ. ಸಂಘಟನಾ ಕಾರ್ಯದರ್ಶಿ ಊರಲ್ಲೇ ಇರುತ್ತಾರೆ, ಉಸ್ತುವಾರಿ ಬಂದು ಹೋಗುತ್ತಾರೆ. ಎರಡು ಪಕ್ಷಗಳ ಕಚೇರಿಗಳ ಗಾಳಿಯೇ ಬೇರೆ ಬೇರೆ ಅನ್ನಿಸುವುದಕ್ಕೆ ಇದೊಂದು ದೊಡ್ಡ ಕಾರಣ.

ಈಗ ‘ಒಬ್ಬರಿಗೆ ಒಂದೇ ಹುದ್ದೆ’ ನಿಯಮದ ಹಿಂದಿನ ಆ ಕಥೆ. ಸ್ವಲ್ಪ ಹಿಂದಿನಿಂದ ಬರಬೇಕು.

ಕೆಪಿಸಿಸಿ ಕರ್ನಾಟಕ ರಾಜ್ಯಕ್ಕಿಂತ ಹಳೆಯದು ಅಂತ ಎಷ್ಟು ಜನರಿಗೆ ಗೊತ್ತು? 1920ರ ನಾಗಪುರ ಅಧಿವೇಶನದಲ್ಲಿ ಕಾಂಗ್ರೆಸ್ ಭಾಷೆಯ ಆಧಾರದ ಮೇಲೆ ಪ್ರಾಂತ ಸಮಿತಿಗಳನ್ನು ಮಾಡಲು ತೀರ್ಮಾನಿಸಿತು. ಆಗ ಕನ್ನಡ ಮಾತಾಡುವವರು ಮುಂಬೈ, ಮದ್ರಾಸ್, ಹೈದರಾಬಾದ್, ಮೈಸೂರು, ಕೊಡಗು ಅಂತ ಹಂಚಿ ಹೋಗಿದ್ದರು. ಭೂಪಟದಲ್ಲಿ ಕರ್ನಾಟಕ ಇರಲಿಲ್ಲ, ಪಕ್ಷದಲ್ಲಿ ಇತ್ತು. ಗಂಗಾಧರರಾವ್ ದೇಶಪಾಂಡೆ ಮೊದಲ ಅಧ್ಯಕ್ಷರು. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಒಂದೇ ಒಂದು ಕಾಂಗ್ರೆಸ್ ಅಧಿವೇಶನ 1924ರಲ್ಲಿ ಬೆಳಗಾವಿಯಲ್ಲಿ ನಡೆಯಿತು. ರಾಜ್ಯ ಒಂದಾಗಿದ್ದು 1956ರಲ್ಲಿ. ಆಗಿನ ಅಧ್ಯಕ್ಷಗಿರಿಗೆ ಟಿಕೆಟ್ಟೂ ಇರಲಿಲ್ಲ, ನಿಗಮ ಮಂಡಳಿಯೂ ಇರಲಿಲ್ಲ, ಜೈಲು ಮಾತ್ರ ಇತ್ತು.

ಅಧಿಕಾರ ಬಂದ ಮೇಲೆ ಕುರ್ಚಿಯ ತೂಕ ಬದಲಾಯಿತು. 1969ರ ಜುಲೈನಲ್ಲಿ ಬೆಂಗಳೂರಿನ ಲಾಲ್‌ಬಾಗ್ ಗಾಜಿನ ಮನೆಯಲ್ಲಿ ಎಐಸಿಸಿ ಅಧಿವೇಶನ. ಪಕ್ಷದ ರಾಷ್ಟ್ರೀಯ ಅಧ್ಯಕ್ಷರು ನಮ್ಮ ಎಸ್. ನಿಜಲಿಂಗಪ್ಪ, ಪ್ರಧಾನಿ ಇಂದಿರಾ ಗಾಂಧಿ. ಬ್ಯಾಂಕ್ ರಾಷ್ಟ್ರೀಕರಣದ ಟಿಪ್ಪಣಿ ಇಂದಿರಾ ಕಡೆಯಿಂದ ಬಂತು. ರಾಷ್ಟ್ರಪತಿ ಸ್ಥಾನಕ್ಕೆ ಸಂಜೀವ ರೆಡ್ಡಿ ಎಂಬ ತೀರ್ಮಾನ ಎದುರು ಗುಂಪಿನಿಂದ ಬಂತು. ನವೆಂಬರ್ 12ರಂದು ನಿಜಲಿಂಗಪ್ಪ ಪ್ರಧಾನಿಯನ್ನೇ ಪಕ್ಷದಿಂದ ಹೊರಹಾಕಿದರು. ಪಕ್ಷದ ಅಧ್ಯಕ್ಷ ದೊಡ್ಡವರೋ, ಸರ್ಕಾರದ ಮುಖ್ಯಸ್ಥರು ದೊಡ್ಡವರೋ ಎಂಬ ಪ್ರಶ್ನೆಗೆ ಅವತ್ತು ಒಂದು ಉತ್ತರ ಸಿಕ್ಕಿತು. ಪಕ್ಷ ಎರಡಾಯಿತು, ಜನ ಇಂದಿರಾ ಕಡೆ ಹೋದರು.

ಆ ಒಡಕಿನ ಗುರುತು ಬೆಂಗಳೂರಿನಲ್ಲಿ ಬಹಳ ಕಾಲ ಕಣ್ಣಿಗೆ ಕಾಣುತ್ತಿತ್ತು. ರೇಸ್ ಕೋರ್ಸ್ ರಸ್ತೆಯ ಕಾಂಗ್ರೆಸ್ ಭವನ ನಿಜಲಿಂಗಪ್ಪನವರ ಕಡೆ ಉಳಿಯಿತು. ಆ ಬಣ ಜನತಾ ಪಕ್ಷದಲ್ಲಿ ಸೇರಿತು. ಜನತಾ ಪರಿವಾರ ಒಡೆಯುತ್ತ ಒಡೆಯುತ್ತ ಕಟ್ಟಡ ಜೆಡಿಎಸ್ ಕಚೇರಿಯಾಯಿತು. ಮೊಕದ್ದಮೆ ಸುಪ್ರೀಂ ಕೋರ್ಟ್ ತನಕ ಹೋಗಿ, ಜಾಗ ಕಾಂಗ್ರೆಸ್ಸಿನದ್ದು ಎಂದಾಯಿತು. 2015ರಲ್ಲಿ ಜೆಡಿಎಸ್ ಅದನ್ನು ಖಾಲಿ ಮಾಡಿತು. ಒಂದು ಜಗಳಕ್ಕೆ ನಲವತ್ತೈದು ವರ್ಷದ ಬಾಡಿಗೆ ಅಂತ ಆಗ ತಮಾಷೆ ಮಾಡುತ್ತಿದ್ದೆವು.

ಈ ಒಡಕಿನಲ್ಲಿ ಇಂದಿರಾ ಪರವಾಗಿ ಇಲ್ಲಿ ಪಕ್ಷ ಕಟ್ಟಿದವರು ದೇವರಾಜ ಅರಸು. 1972ರಲ್ಲಿ ಮುಖ್ಯಮಂತ್ರಿಯಾದರು. ತುರ್ತು ಪರಿಸ್ಥಿತಿಯ ನಂತರ ಇಂದಿರಾ ಸೋತು ಮೂಲೆ ಸೇರಿದ್ದಾಗ, 1978ರಲ್ಲಿ ಅವರನ್ನು ಚಿಕ್ಕಮಗಳೂರಿನಿಂದ ಗೆಲ್ಲಿಸಿ ಕಳಿಸಿದ್ದೂ ಅರಸು ಕಾಲದಲ್ಲೇ. ಆಗ ಮುಖ್ಯಮಂತ್ರಿಯೂ ಅರಸು, ರಾಜ್ಯ ಘಟಕದ ಅಧ್ಯಕ್ಷರೂ ಅರಸು. 1979ರಲ್ಲಿ ದೆಹಲಿಯಿಂದ ಮಾತು ಬಂತು: ಎರಡರಲ್ಲಿ ಒಂದು ಬಿಡಿ. ಅರಸು ಬಿಡಲಿಲ್ಲ. ಅವರನ್ನು ಪಕ್ಷದಿಂದ ತೆಗೆದರು. ಬಂಗಾರಪ್ಪ ಅವರನ್ನು ಇಂದಿರಾ ಕಾಂಗ್ರೆಸ್ಸಿನ ರಾಜ್ಯಾಧ್ಯಕ್ಷರನ್ನಾಗಿ ಮಾಡಿದರು.

ಮುಂದೆ ಆಗಿದ್ದನ್ನು ಗಮನಿಸಿ. ಹೆಚ್ಚಿನ ಶಾಸಕರು ಅರಸು ಜೊತೆಗೇ ಉಳಿದರು, ಸರ್ಕಾರ ಬೀಳಲಿಲ್ಲ. ಭೂ ಸುಧಾರಣೆ ಮಾಡಿದ, ಹಿಂದುಳಿದ ವರ್ಗಗಳಿಗೆ ದನಿ ಕೊಟ್ಟ ನಾಯಕ. ಇಂಥವರಿಗೆ ದೆಹಲಿ ಯಾಕೆ ಬೇಕು ಅಂತ ಜನ ಅಂದುಕೊಂಡರು. 1980ರ ಜನವರಿಯಲ್ಲಿ ಲೋಕಸಭೆ ಚುನಾವಣೆ ಬಂತು. ರಾಜ್ಯದ 28 ಸ್ಥಾನಗಳಲ್ಲಿ 27 ಇಂದಿರಾ ಕಾಂಗ್ರೆಸ್‌ಗೆ ಹೋದವು. ಮರುದಿನದಿಂದಲೇ ಶಾಸಕರು ಆ ಕಡೆ ಹೊರಟರು. ಅದೇ ತಿಂಗಳು ಅರಸು ರಾಜೀನಾಮೆ ಕೊಟ್ಟರು. ಗುಂಡೂರಾವ್ ಮುಖ್ಯಮಂತ್ರಿಯಾದರು.

ಇದನ್ನು ನೋಡಿ ಕುರ್ಚಿ ಕೊಡುವ ದೆಹಲಿಯೇ ಎಲ್ಲ ಎಂದು ತೀರ್ಮಾನಿಸಬೇಡಿ. ಹತ್ತು ವರ್ಷದ ಮೇಲೆ ತದ್ವಿರುದ್ಧ ಪಾಠ ಸಿಕ್ಕಿತು. 178 ಸ್ಥಾನ ಗೆಲ್ಲಿಸಿಕೊಟ್ಟ ವೀರೇಂದ್ರ ಪಾಟೀಲರು 1990ರ ಅಕ್ಟೋಬರ್‌ನಲ್ಲಿ ಕಾಯಿಲೆಯಾಗಿ ಮಲಗಿದ್ದರು. ರಾಜ್ಯದ ಕೆಲವು ಕಡೆ ಕೋಮು ಗಲಭೆಯಾಗಿತ್ತು. ರಾಜೀವ್ ಗಾಂಧಿ ಬಂದರು, ನೋಡಿದರು. ವಾಪಸ್ ಹೋಗುವಾಗ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ನಾಯಕತ್ವ ಬದಲಾವಣೆ ಎಂದು ಹೇಳಿ ವಿಮಾನ ಹತ್ತಿದರು. 1994ರ ಚುನಾವಣೆಯಲ್ಲಿ ಕಾಂಗ್ರೆಸ್‌ಗೆ ಸಿಕ್ಕಿದ್ದು 34 ಸ್ಥಾನ. ಸೋಲಿಗೆ ಇನ್ನೂ ಹತ್ತು ಕಾರಣಗಳಿದ್ದವು, ಒಪ್ಪುತ್ತೇನೆ. ಆದರೆ ಪಾಟೀಲರ ಸಮುದಾಯದವರಾದ ಲಿಂಗಾಯತ ಮತದಾರರು ಆ ವಿಮಾನ ನಿಲ್ದಾಣದ ಮಾತನ್ನು ಬಹಳ ವರ್ಷ ಮರೆಯಲಿಲ್ಲ. ಇವತ್ತಿಗೂ ಉತ್ತರ ಕರ್ನಾಟಕದ ಕಟ್ಟೆಗಳಲ್ಲಿ ಅದು ಬರುತ್ತದೆ.

ಬಿಜೆಪಿಗೂ ಇದೇ ಪಾಠ ಇನ್ನೊಂದು ರೀತಿಯಲ್ಲಿ ಆಯಿತು. ಯಡಿಯೂರಪ್ಪ 2012ರ ಕೊನೆಗೆ ಪಕ್ಷ ಬಿಟ್ಟು ಕೆಜೆಪಿ ಎಂಬ ತಮ್ಮದೇ ಪಕ್ಷ ಮಾಡಿದರು. 2013ರಲ್ಲಿ ಬಿಜೆಪಿ 110ರಿಂದ 40ಕ್ಕೆ ಕುಸಿಯಿತು. ಕೆಜೆಪಿಗೆ ಬಂದಿದ್ದು 6. ಅವರಿಲ್ಲದೆ ಪಕ್ಷಕ್ಕೆ ಆಗಲಿಲ್ಲ, ಪಕ್ಷವಿಲ್ಲದೆ ಅವರಿಗೂ ಆಗಲಿಲ್ಲ. 2014ರ ಜನವರಿಯಲ್ಲಿ ವಾಪಸ್ ಬಂದರು, 2016ರಲ್ಲಿ ಮತ್ತೆ ರಾಜ್ಯಾಧ್ಯಕ್ಷರಾದರು.

ಹಾಗಾಗಿ ನನ್ನ ಅಭಿಪ್ರಾಯ ಇದು. ರಾಜ್ಯಾಧ್ಯಕ್ಷ ಸ್ಥಾನ ದೆಹಲಿ ಕೊಡುವ ಕಾಗದ, ಆದರೆ ಆ ಕಾಗದ ಚಲಾವಣೆಯಾಗುವುದು ಇಲ್ಲಿಯ ಮನುಷ್ಯನ ಹೆಸರಿನ ಮೇಲೆ. ಹೆಸರಿಲ್ಲದವರಿಗೆ ಆ ಕಾಗದ ಕೊಟ್ಟರೆ ಅಧ್ಯಕ್ಷರು ಬರೀ ಪತ್ರಿಕಾಗೋಷ್ಠಿ ನಡೆಸುತ್ತಾರೆ. ಹೆಸರು ಇದ್ದವರಿಗೆ ಕೊಟ್ಟರೆ, ಇವರು ನಾಳೆ ಅರಸು ಆದರೆ ಏನು ಗತಿ ಅಂತ ದೆಹಲಿಗೆ ಭಯ. ಆ ಭಯಕ್ಕೆ ಕಂಡುಕೊಂಡ ಮದ್ದೇ ಕಾರ್ಯಾಧ್ಯಕ್ಷರು. ಕಾಂಗ್ರೆಸ್‌ನಲ್ಲಿ ಒಬ್ಬ ಅಧ್ಯಕ್ಷರ ಸುತ್ತ ಮೂರು, ನಾಲ್ಕು, ಐದು ಕಾರ್ಯಾಧ್ಯಕ್ಷರು. ಒಬ್ಬರು ಲಿಂಗಾಯತ, ಒಬ್ಬರು ಪರಿಶಿಷ್ಟ, ಒಬ್ಬರು ಮುಸ್ಲಿಂ ಅಂತ ಲೆಕ್ಕ. ಎಲ್ಲರಿಗೂ ಪಾಲು ಸಿಕ್ಕಂತೆ ಆಗಬೇಕು, ಯಾರೂ ಪೂರ್ತಿ ಯಜಮಾನರಾಗಬಾರದು. ಈ ಪಾಲು ಹಂಚುವಿಕೆಯನ್ನು ಬೈಯುವವರಿದ್ದಾರೆ. ನಾನು ಪೂರ್ತಿ ಬೈಯುವುದಿಲ್ಲ. ಅದಿಲ್ಲದಿದ್ದರೆ ಎಷ್ಟೋ ಸಮುದಾಯದವರಿಗೆ ಆ ಕಚೇರಿಯಲ್ಲಿ ಕುರ್ಚಿಯೇ ಸಿಗುತ್ತಿರಲಿಲ್ಲ.

ಈಗ ನಿಮ್ಮ ತಂದೆಯವರ ಲೆಟರ್‌ಹೆಡ್ ವಿಷಯ. ಸ್ವಲ್ಪ ಕಹಿಯಾಗಬಹುದು, ಬೇಸರ ಮಾಡಿಕೊಳ್ಳಬೇಡಿ.

ಪಕ್ಷಗಳಿಗೆ ಕಾರ್ಯಕರ್ತರಿಗೆ ಕೊಡಲು ಸಂಬಳವಿಲ್ಲ. ಕೊಡಲು ಸಾಧ್ಯವಿರುವುದು ಮೂರು: ಟಿಕೆಟ್, ನಿಗಮ ಮಂಡಳಿ, ಹುದ್ದೆಯ ಹೆಸರು. ಟಿಕೆಟ್ ಕಡಿಮೆ. ನಿಗಮ ಮಂಡಳಿ ಬೇಕಾದರೆ ಅಧಿಕಾರದಲ್ಲಿರಬೇಕು, ಅಲ್ಲೂ ಶಾಸಕರೇ ಮೊದಲು ಸಾಲಿನಲ್ಲಿ ನಿಂತಿರುತ್ತಾರೆ. ಈಗಿನ ಕಾಂಗ್ರೆಸ್ ಸರ್ಕಾರ ಗ್ಯಾರಂಟಿ ಯೋಜನೆಗಳ ಅನುಷ್ಠಾನ ಸಮಿತಿಗಳನ್ನು ರಾಜ್ಯದಿಂದ ತಾಲ್ಲೂಕಿನ ತನಕ ಮಾಡಿ, ಒಂದಷ್ಟು ಕಾರ್ಯಕರ್ತರಿಗೆ ಕುರ್ಚಿ ಮತ್ತು ಗೌರವಧನ ಕೊಟ್ಟಿತು. ಪಕ್ಷದ ಕೆಲಸಕ್ಕೆ ಸರ್ಕಾರದ ದುಡ್ಡೇ ಅಂತ ವಿರೋಧ ಪಕ್ಷಗಳು ಕೂಗಿದವು. ಕಾರ್ಯಕರ್ತರಿಗೆ ಬೇರೆ ಏನು ಕೊಡಲಿ ಎಂಬ ಪ್ರಶ್ನೆಗೆ ಯಾವ ಪಕ್ಷದ ಬಳಿಯೂ ಒಳ್ಳೆಯ ಉತ್ತರ ಇಲ್ಲ. ಉಳಿದಿದ್ದು ಹೆಸರು. ಅದಕ್ಕೆ ಖರ್ಚಿಲ್ಲ. ಆದ್ದರಿಂದ ಉಪಾಧ್ಯಕ್ಷರು, ಪ್ರಧಾನ ಕಾರ್ಯದರ್ಶಿಗಳು, ಕಾರ್ಯದರ್ಶಿಗಳು, ವಿಭಾಗಗಳು, ಮೋರ್ಚಾಗಳು, ಪ್ರಕೋಷ್ಠಗಳು. ಒಮ್ಮೆ ಒಂದು ಪಕ್ಷದ ಪದಗ್ರಹಣಕ್ಕೆ ಹೋಗಿದ್ದೆ. ವೇದಿಕೆ ಮೇಲಿದ್ದವರು ಕೆಳಗಿದ್ದವರಿಗಿಂತ ಜಾಸ್ತಿ ಇದ್ದರು. ಶಾಲು ಸಾಲದೆ, ಮೊದಲು ಹೊದಿಸಿದ್ದನ್ನೇ ಹಿಂದಿನಿಂದ ತಂದು ಮತ್ತೆ ಹೊದಿಸಿದರು.

ಬ್ಲಾಕ್ ಅಧ್ಯಕ್ಷನ ಕೈಯಲ್ಲಿ ಬೂತ್ ಏಜೆಂಟರ ಪಟ್ಟಿ ಇರುತ್ತದೆ. ರಾಜ್ಯ ವಿಭಾಗದ ಕಾರ್ಯದರ್ಶಿ ಕೈಯಲ್ಲಿ ವಿಸಿಟಿಂಗ್ ಕಾರ್ಡ್ ಇರುತ್ತದೆ. ನಿಮ್ಮ ತಂದೆಯವರನ್ನು ಮೇಲಕ್ಕೆ ಏರಿಸಿದರು ಅಂತ ನೀವು ಬರೆದಿದ್ದೀರಿ. ಬ್ಲಾಕ್‌ನಲ್ಲಿ ಅವರ ಜಾಗಕ್ಕೆ ಯಾರು ಬಂದರು, ಅವರು ಯಾವ ಶಾಸಕರ ಕಡೆಯವರು ಅಂತ ಒಮ್ಮೆ ಕೇಳಿ ನೋಡಿ. ಆಗ ಅದು ಬಡ್ತಿಯೋ ಎತ್ತಂಗಡಿಯೋ ಗೊತ್ತಾಗುತ್ತದೆ.

ಪಕ್ಷದ ನಿಜವಾದ ಬಲ ಇರುವುದೂ ಕೆಳಗೇ. 2023ರಲ್ಲಿ ರಾಜ್ಯದಲ್ಲಿ 58 ಸಾವಿರಕ್ಕೂ ಹೆಚ್ಚು ಮತಗಟ್ಟೆಗಳಿದ್ದವು. ಬಿಜೆಪಿ ಮತದಾರರ ಪಟ್ಟಿಯ ಒಂದೊಂದು ಪುಟಕ್ಕೆ ಒಬ್ಬ ಪೇಜ್ ಪ್ರಮುಖ್ ಅಂತ ಇಡುತ್ತದೆ, ಕೆಲವು ಬೂತ್‌ಗಳನ್ನು ಸೇರಿಸಿ ಶಕ್ತಿ ಕೇಂದ್ರ ಮಾಡುತ್ತದೆ. ಕಾಂಗ್ರೆಸ್‌ನಲ್ಲಿ ಬೂತ್ ಸಮಿತಿ ಶಾಸಕರ ಅಥವಾ ಅಭ್ಯರ್ಥಿಯ ಸ್ವಂತ ಜನರಿಂದಲೇ ತುಂಬಿರುತ್ತದೆ. ಹಾಗಾಗಿ ಅಭ್ಯರ್ಥಿ ಪಕ್ಷ ಬಿಟ್ಟರೆ ಬೂತ್ ಕೂಡ ಅವರ ಜೊತೆ ಎದ್ದು ಹೋಗುತ್ತದೆ. 2019ರಲ್ಲಿ ಕಾಂಗ್ರೆಸ್ ಮತ್ತು ಜೆಡಿಎಸ್ ಸೇರಿ ಹದಿನೇಳು ಶಾಸಕರು ಪಕ್ಷ ಬಿಟ್ಟ ಮೇಲೆ, ಬೆಂಗಳೂರಿನ ಕೆಲವು ಕ್ಷೇತ್ರಗಳಲ್ಲಿ ಇದು ಕಣ್ಣಾರೆ ಕಂಡಿತು.

ಬೆಂಗಳೂರಿಗೆ ಇನ್ನೊಂದು ಕಷ್ಟ ಸೇರಿದೆ. ಬಿಬಿಎಂಪಿಗೆ ಕೊನೆಯ ಚುನಾವಣೆ ನಡೆದಿದ್ದು 2015ರ ಆಗಸ್ಟ್‌ನಲ್ಲಿ. 198 ವಾರ್ಡ್. 2020ರ ಸೆಪ್ಟೆಂಬರ್‌ನಲ್ಲಿ ಅವಧಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಆಡಳಿತಾಧಿಕಾರಿಯೇ ದಿಕ್ಕು. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾದವು. ಈ ಅವಧಿಯಲ್ಲಿ ಚರಂಡಿಗೂ ಶಾಸಕ, ಬೀದಿ ದೀಪಕ್ಕೂ ಶಾಸಕ. ಕಾರ್ಪೊರೇಟರ್ ಎಂಬ ಮೆಟ್ಟಿಲೇ ಮಾಯವಾಗಿದ್ದರಿಂದ, ನಿಮ್ಮ ತಂದೆಯವರ ವಯಸ್ಸಿನ ಕಾರ್ಯಕರ್ತರ ಒಂದು ತಲೆಮಾರು ಕೆಳಗೇ ಉಳಿಯಿತು. ಅದೇ ಹೊತ್ತಿಗೆ ನಗರದ 28 ಶಾಸಕರ ಹಿಡಿತ ಪಕ್ಷದ ಒಳಗೆ ಬಿಗಿಯಾಯಿತು.

ಹಾಗಾಗಿ ವಾರ್ಡ್ ಟಿಕೆಟ್ ಯಾರ ಕೈಯಲ್ಲಿದೆ ಅಂದರೆ, ಬಿ ಫಾರಂ ಬರುವುದು ರಾಜ್ಯ ಕಚೇರಿಯಿಂದ, ಹೆಸರು ಬರುವುದು ಶಾಸಕರ ಮನೆಯಿಂದ. ನಿಮ್ಮ ಕ್ಷೇತ್ರದಲ್ಲಿ ಪಕ್ಷದ ಶಾಸಕರಿಲ್ಲದಿದ್ದರೆ ಹಿಂದಿನ ಸಲ ಸೋತ ಅಭ್ಯರ್ಥಿಯ ಮನೆಯಿಂದ. ರಾಜ್ಯಾಧ್ಯಕ್ಷರು ಒಂದು ವಾರ್ಡ್‌ಗಾಗಿ ಶಾಸಕರನ್ನು ಎದುರು ಹಾಕಿಕೊಳ್ಳುವುದು ತೀರಾ ಅಪರೂಪ. ನಾಳೆ ಮುಖ್ಯಮಂತ್ರಿ ಸ್ಥಾನಕ್ಕೆ ಲೆಕ್ಕ ಹಾಕುವಾಗ ಅವರಿಗೆ ಬೇಕಾಗುವುದು ಶಾಸಕರ ತಲೆ, ಕಾರ್ಪೊರೇಟರ್‌ಗಳದ್ದಲ್ಲ. ನಿಮ್ಮ ತಂದೆಯವರು ಕ್ವೀನ್ಸ್ ರಸ್ತೆಗೋ ಮಲ್ಲೇಶ್ವರಕ್ಕೋ ಹೋಗಿ ಹಾರ ಹಾಕಿ ಫೋಟೊ ತೆಗೆಸಿಕೊಂಡು ಬರುವುದಕ್ಕೆ ನನ್ನ ತಕರಾರಿಲ್ಲ. ಆದರೆ ಆ ಹಾರದ ದುಡ್ಡಿನಲ್ಲಿ ವಾರ್ಡಿನ ಮತದಾರರ ಪಟ್ಟಿ ಜೆರಾಕ್ಸ್ ಮಾಡಿಸಿ, ಸತ್ತವರು, ಮನೆ ಬಿಟ್ಟವರು, ಹೊಸದಾಗಿ ಬಂದವರು ಅಂತ ಗುರುತು ಹಾಕಿ ಶಾಸಕರ ಮುಂದೆ ಇಟ್ಟರೆ ಜಾಸ್ತಿ ಉಪಯೋಗ. ಇಪ್ಪತ್ತೆರಡು ವರ್ಷ ಬೂತ್‌ನಲ್ಲಿ ಕೂತವರಿಗೆ ಆ ಪಟ್ಟಿ ಬಾಯಿಪಾಠ ಇರುತ್ತದೆ. ಹೊಸದಾಗಿ ಬಂದ ದುಡ್ಡಿನವರಿಗೆ ಅದು ಇರುವುದಿಲ್ಲ.

ಟಿಕೆಟ್ ಸಿಕ್ಕರೆ ಒಂದೇ ಮಾತು. ಟಿವಿಯಲ್ಲಿ ಹೆಸರು ಬಂತು, ವಾಟ್ಸ್ಆ್ಯಪ್‌ನಲ್ಲಿ ಪಟ್ಟಿ ಬಂತು ಅಂತ ಪಟಾಕಿ ಹಚ್ಚಬೇಡಿ. ಪಟ್ಟಿ ರಾತ್ರಿ ಬದಲಾಗುತ್ತದೆ. ಬಿ ಫಾರಂ ಕೈಗೆ ಬಂದಾಗ ಹೆಸರು, ವಾರ್ಡ್ ಸಂಖ್ಯೆ ಓದಿ. ಸಹಿ ಪೆನ್ನಿನದ್ದೇ ತಾನೇ ಅಂತ ಬೆಳಕಿಗೆ ಹಿಡಿದು ನೋಡಿ. ಮೆರವಣಿಗೆ ಆಮೇಲೆ ಇಟ್ಟುಕೊಳ್ಳಿ, ಮೊದಲು ಚುನಾವಣಾಧಿಕಾರಿ ಕಚೇರಿಗೆ ಹೋಗಿ. ಕೊನೆಯ ದಿನ ಮಾಗಡಿ ರಸ್ತೆಯ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡೆವು ಎಂದರೆ ಯಾವ ರಾಜ್ಯಾಧ್ಯಕ್ಷರೂ ಏನೂ ಮಾಡಲಾರರು.